ಶಲ್ಯನ ಬುದ್ಧಿಮಾತು

ವೇಷ ಕಟ್ಟದೆ ಕೂತು ಹಾಡು-ಮಾತಿನಲ್ಲೇ ಯಕ್ಷಗಾನ ನಡೆಸುವ ತಾಳಮದ್ದಲೆಯ ವಾಟ್ಸಾಪ್ ಗುಂಪುಗಳಲ್ಲಿ ನಾವು ಕ್ಷಮೆ ಕೇಳುವ ಕ್ರಮವೇ ಸರಿಯಿಲ್ಲ. ಬಹಳ ಸಮಯದಿಂದ ಹೀಗನ್ನಿಸುತ್ತಿತ್ತು, ಮೊನ್ನೆಯದ್ದನ್ನು ನೋಡಿದ ಮೇಲೆ ಬರೆಯದೆ ನಿರ್ವಾಹವಿಲ್ಲ.

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ನಮ್ಮ ಕಾಸರಗೋಡಿನ ಕಡೆ ಮಳೆಗಾಲದ ಕೂಟಗಳು ಸುರುವಾಗುತ್ತವಲ್ಲ, ಅಂಥದ್ದೊಂದು ಕೂಟ, ಬದಿಯಡ್ಕದಿಂದಾಚೆ. ಪ್ಲಸ್ ಟು ಓದುವ ಹುಡುಗಿಯೊಬ್ಬಳು ಮೊದಲ ಸಲ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದಳು. ಪ್ರಸಂಗ ಅಂಗದ ಸಂಧಾನ, ಅವಳದ್ದು ರಾಮನ ದೂತನಾಗಿ ರಾವಣನಲ್ಲಿಗೆ ಹೋಗುವ ಅಂಗದ. ಯಾರೋ ಒಂದು ತುಣುಕನ್ನು ಗುಂಪಿಗೆ ಹಾಕಿದರು. ಅದರ ಕೆಳಗೆ, ನಾವೆಲ್ಲ ಮಾಷ್ಟ್ರೇ ಎಂದು ಕರೆಯುವ ಹಿರಿಯ ಹವ್ಯಾಸಿ ಅರ್ಥಧಾರಿಯೊಬ್ಬರು ಬರೆದರು: "ಇದು ಅಂಗದನೋ ಅಂಗನವಾಡಿಯೋ?"

ಮಾತಿನಲ್ಲಿ ಚಮತ್ಕಾರ ಉಂಟು, ಒಪ್ಪೋಣ. ಚಮತ್ಕಾರ ಇಲ್ಲದಿದ್ದರೆ ಅದು ಅಷ್ಟು ದೂರ ಹೋಗುತ್ತಲೂ ಇರಲಿಲ್ಲ. ಕೆಳಗೆ ನಗುವ ಮುಖಗಳ ಸಾಲು. ಹುಡುಗಿ ಗುಂಪಿನಲ್ಲಿ ಇರಲಿಲ್ಲ, ಅವಳ ಅಪ್ಪ ಇದ್ದರು. ಸಂಜೆಯ ಹೊತ್ತಿಗೆ ಅವರು ಗುಂಪು ಬಿಟ್ಟರು. ಮರುದಿನ ಮಾಷ್ಟ್ರು ಬರೆದದ್ದು ಮಾಯ, ಅದರ ಬದಲಿಗೆ "ಯಾರಿಗಾದರೂ ಬೇಸರವಾಗಿದ್ದಲ್ಲಿ ಕ್ಷಮೆ ಇರಲಿ, ತಮಾಷೆಗೆ ಹೇಳಿದ್ದು" ಎಂಬ ಸಂದೇಶ. ಅದಕ್ಕೆ ಒಂದಷ್ಟು ಕೈಮುಗಿದ ಚಿತ್ರಗಳು. ಅಲ್ಲಿಗೆ ಮಂಗಳ ಹಾಡಿಯಾಯಿತಂತೆ!

ಮಾಷ್ಟ್ರಿಗೆ ಫೋನ್ ಮಾಡಿದೆ. "ಎಂತ ಮಾರಾಯ, ನೀನು ಅವಳ ಅರ್ಥ ಕೇಳಿದ್ದೀಯಾ? ಸಂಧಾನಕ್ಕೆ ಹೋದವ ರಾವಣನ ಎದುರು ಬೇಡಿಕೊಳ್ಳುವುದುಂಟಾ? ಪದದಲ್ಲಿ ಇರುವುದೇನು, ಅವಳು ಹೇಳುವುದೇನು?" ಎಂದರು.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕೂಟದ ಹಾಡುಗಾರರಾದ ಭಾಗವತರು ಹಾಡಿದ ಪದದ, ಅಂದರೆ ಪ್ರಸಂಗದ ಹಾಡಿನ, ಸಾರವನ್ನು ಮೊದಲು ಹಿಡಿದುಕೊಂಡು ಆಮೇಲೆ ವಿಸ್ತರಿಸಬೇಕು, ಆ ಹುಡುಗಿ ಪದ ಬಿಟ್ಟು ಎಲ್ಲೋ ಹೋದದ್ದು ಹೌದು. ಆದರೆ ಕ್ಷಮೆ ಕೇಳಿದರೆ ಆ ವಿಮರ್ಶೆಯನ್ನೂ ನುಂಗಿದ ಹಾಗಾಗುತ್ತದೆ ಎಂದು ನಮ್ಮ ಹಿರಿಯರಿಗೆ ಒಂದು ಭಯ. ಹಾಗಾಗಿಯೇ ಕ್ಷಮೆ ಅರ್ಧಕ್ಕೆ ನಿಲ್ಲುವುದು. ಅಂಗದ ಸೋತ ಎನ್ನುವುದು ಬೇರೆ, ಹುಡುಗಿಯನ್ನು ಅಂಗನವಾಡಿಗೆ ಕಳಿಸುವುದು ಬೇರೆ. ಮೊದಲನೆಯದನ್ನು ಇಟ್ಟುಕೊಂಡೇ ಎರಡನೆಯದಕ್ಕೆ ಪೂರ್ತಿ ಕ್ಷಮೆ ಕೇಳಬಹುದು.

ಕರ್ಣಪರ್ವದಲ್ಲಿ ಅರ್ಥ ಹೇಳಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ? ಕರ್ಣ ಅರ್ಜುನನ ಮೇಲೆ ಸರ್ಪಾಸ್ತ್ರ ಹೂಡಿದಾಗ ಗುರಿ ಬದಲಿಸು ಎಂದ ಅವನ ಸಾರಥಿ ಶಲ್ಯನ ಮಾತು ಸರಿಯೇ ಇತ್ತು. ಆದರೆ ರಥ ಹೊರಟಾಗಿನಿಂದ ಅದೇ ಬಾಯಿ ಕರ್ಣನ ತೇಜೋವಧೆ ಮಾಡುತ್ತಾ ಬಂದಿತ್ತು. ಕರ್ಣ ಕೇಳಲಿಲ್ಲ. ಮಾಷ್ಟ್ರು ಸ್ವತಃ ಶಲ್ಯನ ಪಾತ್ರ ಬಹಳ ಚೆನ್ನಾಗಿ ಮಾಡುತ್ತಾರೆ, ಅದೇ ನನಗೆ ಆಶ್ಚರ್ಯ.

ಅವರ ಇನ್ನೊಂದು ವಾದ, "ನಾವು ಇದಕ್ಕಿಂತ ಜೋರು ಬೈಸಿಕೊಂಡೇ ಕಲಿತದ್ದು." ಇರಬಹುದು. ಬೈದ ಗುರುಗಳು ಎದುರಿಗೇ ಬೈದರು, ಬೈದು ತಿದ್ದಿದರು, ಮುಂದಿನ ಕೂಟಕ್ಕೆ ಕರೆದರು. ಕೂಟದಲ್ಲಿ ವಾಲಿ ರಾಮನನ್ನು ಏನೆಲ್ಲ ಅನ್ನುವುದಿಲ್ಲ! ಮಾತು ಹಳಿ ತಪ್ಪಿತು ಅನ್ನಿಸಿದರೆ ಭಾಗವತರು ಜಾಗಟೆ ಬಾರಿಸಿ ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಮುಗಿದ ಮೇಲೆ ರಾಮನೂ ವಾಲಿಯೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಫೋನಿನಲ್ಲಿ ಭಾಗವತರೂ ಇಲ್ಲ, ಊಟವೂ ಇಲ್ಲ.

ಇದು ನಮ್ಮ ಊರಿನಲ್ಲಿ ಸಣ್ಣ ವಿಷಯ ಅಲ್ಲ. ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಸೀಮೆ ಇದು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ, 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದೇಶಕ್ಕೆಲ್ಲ ಗೊತ್ತಾದವರು, ಇಲ್ಲಿ ಭಾಗವತಿಕೆಗೆ ಕೂತು ಹಾಡಿದವರು. ಆದರೆ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಗಡಿ ಆಚೆಗೆ ಬಿದ್ದ ಮೇಲೆ ಪ್ರಸಂಗದ ಕನ್ನಡ ಓದುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಹುಡುಗಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಮಲಯಾಳ. ಪದಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ಬಂದಿದ್ದಳು. ಇಂಥವಳು ಒಮ್ಮೆ ಎದ್ದು ಹೋದರೆ ಅವಳ ಜಾಗದಲ್ಲಿ ಕೂರಿಸಲಿಕ್ಕೆ ನಮ್ಮ ಹತ್ತಿರ ಯಾರಿದ್ದಾರೆ?

ಹಾಗಾದರೆ ಹೇಗೆ ಕೇಳಬೇಕು? ನಗೆಯಾಡಿದ ಜಾಗದಲ್ಲೇ, ನಕ್ಕವರೆಲ್ಲ ನೋಡುವ ಹಾಗೆ, ಏನು ಹೇಳಿದೆ ಎಂಬುದನ್ನು ಮುಚ್ಚಿಡದೆ. "ನಾನು ಈ ಮಾತು ಬರೆದೆ, ಮೊದಲ ಸಲ ಕೂತ ಮಗುವಿಗೆ ಅದನ್ನು ಹೇಳಬಾರದಿತ್ತು." ಅಷ್ಟು ಸಾಕು, ತಮಾಷೆಯ ಸಮಜಾಯಿಷಿ ಬೇಡ. ಗುಂಪು ಬಿಟ್ಟ ಅಪ್ಪನಿಗೆ ಒಂದು ಫೋನ್. ಪದ ಬಿಟ್ಟುಹೋದ ವಿಚಾರವನ್ನು ಹುಡುಗಿಗೆ ಬೇರೆಯಾಗಿ, ಅವಳು ಕೇಳುವ ಮನಸ್ಸಿನಲ್ಲಿದ್ದಾಗ. ಅವಳು ಕೂಡಲೇ ಕ್ಷಮಿಸಬೇಕೆಂದು ಯಾರೂ ಒತ್ತಾಯ ಮಾಡಬಾರದು. "ಹಿರಿಯರು ಕೇಳಿದ್ದಾರಲ್ಲ, ಬಿಡು" ಎನ್ನುವ ಮಧ್ಯಸ್ಥರು ನಮ್ಮಲ್ಲಿ ತುಂಬಾ ಜನ.

ನಗುವ ಮುಖ ಒತ್ತಿದವರಲ್ಲಿ ಒಬ್ಬರೂ ಈವರೆಗೆ ತುಟಿ ಬಿಚ್ಚಿಲ್ಲ. ಅವರಲ್ಲಿ ಇಬ್ಬರು ಕೂಟದ ಸಂಘಟಕರು, ಹಾಗಾಗಿ ಅವರಿಗೊಂದು ಕೆಲಸ ಹೇಳುತ್ತೇನೆ. ಶ್ರಾವಣದ ಕೂಟಕ್ಕೆ ಅದೇ ಪ್ರಸಂಗ ಇಡಿ. ಅಂಗದ ಅವಳದ್ದೇ ಇರಲಿ, ರಾವಣ ಮಾಷ್ಟ್ರದ್ದು. ಅವಳು ಬರಲೊಪ್ಪಿದರೆ ಮಾತ್ರ, ಮತ್ತು ಕೇಳಲಿಕ್ಕೆ ಮಾಷ್ಟ್ರೇ ಅವಳ ಮನೆಗೆ ಹೋಗಬೇಕು.