ಗೋಡೆಗೆ ಮ್ಯಾಚಿಂಗ್ ಆದ ಮನುಷ್ಯ

ಬಣ್ಣ ಆರಿಸುವುದು ಏನು ಮಹಾ ಕಷ್ಟ ಎನ್ನುವವರು ಒಂದೋ ಇನ್ನೂ ಆರಿಸಿಲ್ಲ, ಇಲ್ಲಾ ಮನೆಯಲ್ಲಿ ಒಬ್ಬರೇ ಇದ್ದಾರೆ. ನಮ್ಮಲ್ಲಿ ಹಾಲ್‌ಗೆ ಹೊಸ ಬಣ್ಣ ಎಂದು ತೀರ್ಮಾನ ಆಗಿದ್ದೇ ತಡ, ಎಲ್ಲರ ಫೋನಿನ ತುಂಬ ಬೇರೆಯವರ ಹಾಲ್‌ಗಳು ಬಂದು ಕೂತವು. ಏನು ಹಾಲ್‌ಗಳು ಅಂತೀರಿ! ನೆಲದ ಮೇಲೆ ಚಾರ್ಜರ್ ವೈರ್ ಇಲ್ಲ. ಕುರ್ಚಿಯ ಮೇಲೆ ಒದ್ದೆ ಟವೆಲ್ ಇಲ್ಲ. ಮೂಲೆಯಲ್ಲಿ ಒಂದು ಗಿಡ, ಅದರಲ್ಲೂ ಒಣಗಿದ ಎಲೆ ಇಲ್ಲ. ಅಲ್ಲಿ ಯಾರೂ ವಾಸ ಮಾಡುವುದಿಲ್ಲ ಅನ್ನೋದು ನನ್ನ ಗಟ್ಟಿ ಅನುಮಾನ.

ಇಂಥ ಫೋಟೋ ಕೊಟ್ಟರೆ ಅದರಿಂದ ಐದು ಬಣ್ಣ ಹೆಕ್ಕಿ ಪ್ಯಾಲೆಟ್ ಮಾಡಿಕೊಡುವ ಆ್ಯಪ್‌ಗಳಿವೆ. ಸ್ಫೂರ್ತಿ ನಿಮ್ಮ ಸುತ್ತಲೇ ಇದೆ ಎಂದು ಬೇರೆ ಹುರಿದುಂಬಿಸುತ್ತವೆ. ಸರಿ, ನಮ್ಮದೇ ಹಾಲ್‌ನ ಫೋಟೋ ಕೊಟ್ಟೆ. ಬಂದ ಐದರಲ್ಲಿ ಮೂರು ಮಾಸಲು ಕಂದು, ಒಂದು ಬಕೆಟ್ ನೀಲಿ. ಐದನೆಯದು ಮಾತ್ರ ಚೆಂದದ ತಿಳಿಗೆಂಪು. ನಮ್ಮನೆಯಲ್ಲಿ ಈ ಬಣ್ಣದ್ದು ಏನಿದೆ ಎಂದು ಎಲ್ಲರೂ ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಮಗಳು ಪತ್ತೆ ಮಾಡಿದಳು. ಲೆನ್ಸ್‌ಗೆ ಅಡ್ಡ ಬಂದಿದ್ದ ನನ್ನ ಹೆಬ್ಬೆರಳು.

ಹೆಬ್ಬೆರಳಿನ ಬಣ್ಣವನ್ನು ಗೋಡೆಗೆ ಬಳಿಯಲು ಹೆಂಡತಿ ಒಪ್ಪಲಿಲ್ಲ. ಹಾಗಾಗಿ ಶೇಡ್ ಕಾರ್ಡ್ ಬಂತು. ಅದರ ಮೇಲೆ ಅಂಚೆಚೀಟಿಯಷ್ಟು ದೊಡ್ಡ ಚೌಕಗಳು. ಪಕ್ಕಪಕ್ಕದ ಎರಡರ ನಡುವೆ ವ್ಯತ್ಯಾಸ ಇದೆ ಅನ್ನೋದಕ್ಕೆ ಬೇರೆ ಬೇರೆ ನಂಬರ್ ಇರುವುದೊಂದೇ ಸಾಕ್ಷಿ. ಬಹಳ ಚರ್ಚೆಯಾಗಿ, ಒಬ್ಬರು ಎದ್ದು ಹೋಗಿ, ಮತ್ತೆ ಬಂದು ಕೂತು, ಒಂದು ತಿಳಿ ಬೂದು ಬಣ್ಣ ಗೆದ್ದಿತು.

ಪೇಂಟರ್ ತುಂಬ ಸಮಾಧಾನದ ಮನುಷ್ಯ. ಅವರಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರ. "ಇದು ಕಾರ್ಡಿಗಿಂತ ತಿಳಿ ಕಾಣ್ತಿದೆಯಲ್ಲ?" ಎಂದರೆ "ಒಣಗಲಿ ಸಾರ್." ಒಣಗಿದ ಮೇಲೆ "ಈಗ ಜಾಸ್ತಿ ಗಾಢ ಆಯ್ತಲ್ಲ?" ಎಂದರೆ "ಇನ್ನೂ ಒಣಗಲಿ ಸಾರ್." ಮೊದಲನೆಯದು ನಿಜ. ಇಂಥ ಬಣ್ಣ ಹಸಿಯಾಗಿರುವಾಗ ಸ್ವಲ್ಪ ತಿಳಿ ಕಂಡು, ಒಣಗುತ್ತಾ ಗಾಢವಾಗುತ್ತದೆ. ಎರಡನೆಯದಕ್ಕೆ ಕಾರಣ ಗೋಡೆಗಳೇ. ನಾಲ್ಕೂ ಕಡೆ ಒಂದೇ ಬಣ್ಣ ಹೊಡೆದರೆ ಒಂದು ಗೋಡೆಯಿಂದ ಚಿಮ್ಮಿದ ಬೆಳಕು ಇನ್ನೊಂದಕ್ಕೆ ಬಿದ್ದು ಬಣ್ಣಕ್ಕೆ ಬಣ್ಣ ಸೇರುತ್ತದೆ. ಚೌಕದಲ್ಲಿ ಸಾಧುವಾಗಿದ್ದದ್ದು ಕೋಣೆಯಲ್ಲಿ ದನಿ ಏರಿಸುತ್ತದೆ. ದೊಡ್ಡ ರಟ್ಟಿಗೆ ಎರಡು ಕೋಟ್ ಹೊಡೆದು, ಗೋಡೆಯಿಂದ ಗೋಡೆಗೆ ಸಾಗಿಸಿ, ಹಗಲೂ ರಾತ್ರಿಯೂ ನೋಡಬೇಕಂತೆ. ಅದನ್ನೂ ನೋಡಿದ್ದೆವು. ಟಿವಿ ಪಕ್ಕ ಆನಿಸಿಟ್ಟ ಆ ಬೂದು ರಟ್ಟಿನ ಮುಂದೆ ನಿಂತು ಬಂದ ನೆಂಟರೊಬ್ಬರು, "ಯಾರು ಬರೆದದ್ದು?" ಎಂದು ಗೌರವದಿಂದ ಕೇಳಿದ್ದರು.

ಅಸಲಿ ತಂಟೆ ಶುರುವಾಗಿದ್ದು ಸಾಮಾನು ವಾಪಸ್ ಬಂದ ಮೇಲೆ. ಬೂದು ಗೋಡೆ ಹಸಿರಿಗೆ ತಿರುಗಿತ್ತು! ಹೆಂಡತಿ ಪೇಂಟನ್ನು ದೂರಿದಳು. ನಾನು ಬಲ್ಬನ್ನು ದೂರಿದೆ. ನನ್ನ ಮಾತಿನಲ್ಲೂ ಅರ್ಥ ಇತ್ತು. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ. 2700 ಕೆಲ್ವಿನ್ ಬಲ್ಬ್ ಹಳದಿ ಬೆಳಕು ಚೆಲ್ಲುತ್ತದೆ, 6500 ಕೆಲ್ವಿನ್ನಿನದು ನೀಲಿ ಛಾಯೆಯ ಬಿಳಿ. ಒಂದೇ ಗೋಡೆ ಎರಡರ ಕೆಳಗೆ ಎರಡು ಗೋಡೆ. ಆದರೆ ಹಗಲಿನಲ್ಲೂ ಹಸಿರೇ ಕಂಡಾಗ ನನ್ನ ವಾದ ಬಿತ್ತು. ಗೋಡೆಯ ಮುಂದೆ ಏನೂ ಅರಿಯದಂತೆ ಕೂತಿತ್ತು ಅಕ್ಕ ಕೊಟ್ಟ ಸೋಫಾ. ಕೆಂಪು. ಕಣ್ಣಿಗೆ ಹೊಡೆಯುವ ಕೆಂಪು.

ಕೆಂಪಿನ ಪಕ್ಕ ಬೂದು ಇಟ್ಟರೆ ಕಣ್ಣು ಆ ಬೂದಿಗೆ ಹಸಿರು ಛಾಯೆ ಸೇರಿಸಿಕೊಂಡು ನೋಡುತ್ತದೆ. ಪ್ಯಾರಿಸ್‌ನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲೂ ಇಂಥದ್ದೇ ಜಗಳ ನಡೆದಿತ್ತು. ಕಪ್ಪು ಬಣ್ಣದಲ್ಲಿ ದಮ್ಮಿಲ್ಲ ಎಂಬ ದೂರು ಬಂದಾಗ ಅಲ್ಲಿನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್ ಪರೀಕ್ಷೆ ಮಾಡಿದ. ಕಪ್ಪು ಸರಿಯಾಗೇ ಇತ್ತು, ಅದನ್ನು ಕೆಡಿಸುತ್ತಿದ್ದದ್ದು ಪಕ್ಕದ ಎಳೆಗಳ ಬಣ್ಣ. 1839ರಲ್ಲಿ ಇದನ್ನೆಲ್ಲ ದೊಡ್ಡ ಪುಸ್ತಕವಾಗಿ ಪ್ರಕಟಿಸಿದ. ಇಷ್ಟೆಲ್ಲ ಬಣ್ಣದ ಪಂಚಾಯಿತಿ ಮಾಡಿಯೂ ಆತ 102 ವರ್ಷ ಬದುಕಿದ ಅನ್ನೋದು ನನಗೆ ಹೆಚ್ಚು ಆಶ್ಚರ್ಯದ ವಿಷಯ.

ಕಾರಣ ಗೊತ್ತಾದರೂ ಪ್ರಯೋಜನ ಇಲ್ಲ. ಪೇಂಟ್ ಬದಲಾಯಿಸಬಹುದು, ಬಲ್ಬ್ ಬದಲಾಯಿಸಬಹುದು. ಅಕ್ಕನ ಸೋಫಾ ಬದಲಾಯಿಸುವವರು ಯಾರು?

ಅಲಂಕಾರದವರು 60-30-10 ಎಂಬ ಲೆಕ್ಕ ಹೇಳುತ್ತಾರೆ. ಶೇ. 60 ಗೋಡೆಯಂಥ ದೊಡ್ಡ ಭಾಗಗಳ ಬಣ್ಣ, ಶೇ. 30 ಪರದೆ, ಸೋಫಾ ವಗೈರೆ, ಉಳಿದ ಶೇ. 10 ಕುಶನ್, ಹೂದಾನಿಗಳ ಮಿಂಚು. ನಮ್ಮಲ್ಲಿ ಆ ಶೇ. 10ನ್ನು ಮಕ್ಕಳ ಪ್ಲಾಸ್ಟಿಕ್ ಆಟಿಕೆಗಳು ವಹಿಸಿಕೊಂಡಿವೆ. ಈಗ ಶೇ. 30ರ ಮೇಲೂ ಕಣ್ಣು ಹಾಕಿವೆ.

ಗೋಡೆ ಮುಗಿಯಿತು, ಮಗಳ ಗಮನ ನನ್ನ ಕಡೆ ತಿರುಗಿತು. ಮನುಷ್ಯರಿಗೂ ಪ್ಯಾಲೆಟ್ ಇದೆಯಂತೆ. ಮಣಿಕಟ್ಟಿನ ನರ ನೀಲಿ ಕಂಡರೆ ತಂಪು ಮೈಬಣ್ಣ, ಹಸಿರು ಕಂಡರೆ ಬೆಚ್ಚನೆಯದು, ಅದರ ಪ್ರಕಾರ ಬಟ್ಟೆ. ಕಿಟಕಿ ಹತ್ತಿರ ನನ್ನ ನರ ನೀಲಿ. ಹಳದಿ ಬಲ್ಬಿನ ಕೆಳಗೆ ಹಸಿರು. ಅವಳು ತುಸು ಹೊತ್ತು ಯೋಚಿಸಿ, "ಅಪ್ಪಾ, ನಿಮಗೆ ಏನು ಹಾಕಿದರೂ ಅಷ್ಟೇ," ಎಂದು ತೀರ್ಪು ಕೊಟ್ಟಳು.

ಆ ಧೈರ್ಯದ ಮೇಲೆ ನನಗೆ ಇಷ್ಟವಾದ ಬಣ್ಣದ್ದೇ ಒಂದು ಶರ್ಟ್ ತಂದೆ. ಇಷ್ಟದ ಬಣ್ಣ ಅಂದರೆ ಮನುಷ್ಯ ಎಲ್ಲಿ ಹೋದರೂ ಅದಕ್ಕೇ ಕೈ ಹಾಕುತ್ತಾನೆ, ಅಲ್ವಾ? ಗೋಡೆ ಮುಂದೆ ಕೂತು ವಿಡಿಯೋ ಮೀಟಿಂಗ್‌ಗೆ ಸೇರಿದೆ. ಎಲ್ಲರೂ ಸುಮ್ನೆ ನಗುತ್ತಿದ್ದರು. ಕಡೆಗೆ ಒಬ್ಬರು, "ಸಾರ್, ನಿಮ್ಮ ತಲೆ ಮಾತ್ರ ಬಂದಿದೆ. ಉಳಿದಿದ್ದು ನೆಟ್‌ವರ್ಕ್‌ನಲ್ಲಿ ಸಿಕ್ಕಿಕೊಂಡಿದೆಯಾ?" ಎಂದರು. ಹಿನ್ನೆಲೆ ಮಸುಕು ಮಾಡುವ ಬಟನ್ ಒತ್ತಿದೆ. ಸಾಫ್ಟ್‌ವೇರ್ ನನ್ನ ಭುಜಗಳನ್ನೂ ಗೋಡೆ ಎಂದೇ ತಿಳಿದು ಅಳಿಸಿಹಾಕಿತು. ಮೀಟಿಂಗ್ ಮುಗಿಯುವವರೆಗೆ ನಾನು ತಲೆಯಾಗಿಯೇ ಮಾತಾಡಿದೆ.

ಉಪಯೋಗಕ್ಕೆ ಬಂದದ್ದು ಹೆಂಡತಿಯ ಉಪಾಯ ಒಂದೇ. ಪರದೆಗೆ ತಂದ ಪ್ರಿಂಟ್ ಬಟ್ಟೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿದ್ದವು. ಆ ಪ್ರಿಂಟಿಗೆ ಬಳಸಿದ ಒಂದೊಂದು ಬಣ್ಣಕ್ಕೂ ಒಂದೊಂದು ಚುಕ್ಕೆ. ಬಣ್ಣ ಬಲ್ಲ ಯಾರೋ ಕೂತು ಹೊಂದಿಸಿ, ರೆಡಿ ಮಾಡಿ ಇಟ್ಟ ಪ್ಯಾಲೆಟ್ ಅದು, ಆ್ಯಪ್ ಬೇಡ, ಹೆಬ್ಬೆರಳೂ ಬೇಡ. ಅವಳು ಆ ಅಂಚನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಳು. ಕುಶನ್ ಬಂತು, ಕಾಲೊರಸು ಬಂತು, ಎಲ್ಲ ಚುಕ್ಕೆಗೆ ತಾಳೆ ನೋಡಿಯೇ. ಅವಳ ಹೊಸ ದುಪಟ್ಟಾ ಕೂಡ.

ಎಲ್ಲ ಹೊಂದಿಕೊಂಡಿತು ಎನ್ನುವಾಗ ಅಕ್ಕ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. ಶೆವ್ರಲ್ ಹೇಳಿದ್ದು ಎರಡೂ ಕಡೆಗೆ ಅನ್ವಯಿಸುತ್ತದೆ ನೋಡಿ, ಹಸಿರಿಗೆ ತಿರುಗಿದ ಗೋಡೆಯ ಮುಂದೆ ಕೆಂಪು ಇನ್ನಷ್ಟು ಕೆಂಪಾಗುತ್ತದೆ.

"ಅಯ್ಯೋ, ನನ್ನ ಸೋಫಾ ಎಷ್ಟು ಚೆನ್ನಾಗಿ ಕಾಣ್ತಿದೆಯೋ!" ಎಂದಳು. "ಇದರ ಜೋಡಿ ಎರಡು ಕುರ್ಚಿ ಮನೆಯಲ್ಲಿ ಸುಮ್ನೆ ಬಿದ್ದಿವೆ. ನಾಳೆನೇ ಕಳಿಸ್ತೀನಿ."