ಲೆಕ್ಕಕ್ಕಿಲ್ಲದ ಜಿಂಕೆ

ಬೆಳಗಿನ ಜಾವ ನಾಲ್ಕಕ್ಕೆ ಒಂದು ಅಲಾರಂ ಹೊಡೆದರೆ ಸಹಿಸಬಹುದು. ನಾಲ್ಕಕ್ಕೊಂದು, ನಾಲ್ಕೂ ಐದಕ್ಕೊಂದು, ನಾಲ್ಕೂ ಹತ್ತಕ್ಕೆ ಬಾತುಕೋಳಿಯ ದನಿಯದೊಂದು, ಹೀಗೆ ಬೇಟೆಯ ಕ್ಯಾಬಿನ್ನಿನಲ್ಲಿ ಮಲಗಿದ ಐವರ ಐದು ಮೊಬೈಲುಗಳು ಸರದಿಯಂತೆ ಬಡಿದುಕೊಳ್ಳುತ್ತವೆ. ಐವರೂ ಅವುಗಳ ಬಾಯಿ ಮುಚ್ಚಿಸಿ ಗೊರಕೆಗೆ ಮರಳುತ್ತಾರೆ. ಬೇಟೆಗೇ ಹೋಗದ ನಾನೊಬ್ಬ ಕಣ್ಣು ಬಿಟ್ಟುಕೊಂಡು ಛಾವಣಿಯ ಹಲಗೆ ಎಣಿಸುತ್ತಿರುತ್ತೇನೆ. ಈ ಸಲವಂತೂ ಒಬ್ಬ ಮಹಾನುಭಾವ ನಿಜವಾಗಿಯೂ ಎದ್ದು, ಬೂಟು ಕಟ್ಟಿಕೊಂಡು, ಮೊಬೈಲನ್ನು ದಿಂಬಿನಡಿಯಲ್ಲೇ ಬಿಟ್ಟು ಕಾಡಿಗೆ ನಡೆದ. ಅದು ಹತ್ತು ನಿಮಿಷಕ್ಕೊಮ್ಮೆ ಅವನ ಖಾಲಿ ಹಾಸಿಗೆಯನ್ನು ಎಬ್ಬಿಸುತ್ತಲೇ ಇತ್ತು.

ಅಮೆರಿಕದ ಮಿಶಿಗನ್ನಿನಲ್ಲಿ ಕೋವಿಯ ಜಿಂಕೆಬೇಟೆ ಶುರುವಾಗುವುದು ನವೆಂಬರ್ 15ಕ್ಕೆ. ವಾರ ಯಾವುದಾದರೂ ಆಗಲಿ, ತಾರೀಕು ಅಲುಗುವುದಿಲ್ಲ. ಅಂದು ಎಷ್ಟೋ ಶಾಲೆಗಳಿಗೆ ರಜೆ. ಕಚೇರಿಯಲ್ಲಿ ಸಾಲು ಸಾಲು ಕುರ್ಚಿ ಖಾಲಿ, ಮೇಲಧಿಕಾರಿಯದೂ ಸೇರಿ. ಎಲ್ಲ ಸರಿ, ಆದರೆ ನಾಲ್ಕು ಗಂಟೆ ಏಕೆ? ನಾವು ಹೋಗುವ, ರಾಜ್ಯದ ಉತ್ತರ ಭಾಗವಾದ ಅಪ್ಪರ್ ಪೆನಿನ್ಸುಲಾದ ಮಾರ್ಕ್ವೆಟ್ ಸೀಮೆಯಲ್ಲಿ ಆ ಹೊತ್ತಿಗೆ ಸೂರ್ಯ ಹುಟ್ಟುವುದೇ ಸುಮಾರು ಎಂಟಕ್ಕೆ. ಅದಕ್ಕೆ ಅರ್ಧ ಗಂಟೆಗಿಂತಲೂ ಮೊದಲು ಗುಂಡು ಹಾರಿಸಿದರೆ ಕಾನೂನು ಬಿಡುವುದಿಲ್ಲ. ಮೂರೂವರೆ ಗಂಟೆ ಮುಂಚೆ ಎದ್ದು ಮಾಡುವುದೇನು ಎಂದು ಕೇಳಿದೆ. ಹಿಂದಿನಿಂದಲೂ ಹೀಗೇ ಎಂದರು. ನಾನು ಪುತ್ತೂರಿನ ಕಡೆಯವನು. ಹಿಂದಿನಿಂದಲೂ ಹೀಗೇ ಎಂದವರ ಜೊತೆ ವಾದಿಸಿ ಗೆದ್ದವರನ್ನು ಕಂಡಿಲ್ಲ.

ನನ್ನ ಬಳಿ ಪರವಾನಗಿಯೂ ಇಲ್ಲ, ಕೋವಿಯೂ ಇಲ್ಲ. ಊರಿನ ಮನೆಯಲ್ಲಿ ಬೆಳೆ ಕಾಯಲೆಂದು ಪಡೆದ ಕೋವಿಯೊಂದಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಬಿಡಿಸಿ ತರುವುದೇ ಅಪ್ಪನಿಗೆ ಅದರಿಂದಾಗುತ್ತಿದ್ದ ಕೆಲಸ. ಜಿಂಕೆಯ ಮಾತು ಮನೆಯಲ್ಲಿ ಬಂದದ್ದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಮಾತಾಡುವವರು ದನಿ ತಗ್ಗಿಸಿಯೇ ಆಡುತ್ತಿದ್ದರು. ಇಲ್ಲಿ ನಾನು ಅಡುಗೆಯವನು. ಈರುಳ್ಳಿ ಹೆಚ್ಚುತ್ತೇನೆ, ಒಲೆಗೆ ಸೌದೆ ಒಟ್ಟುತ್ತೇನೆ, ಬಂದವರಿಗೆ ಕಾಫಿ ಕೊಡುತ್ತೇನೆ. ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಜಿಂಕೆಯನ್ನು ಸೆಳೆಯಲೆಂದು ಮೂಟೆಗಟ್ಟಲೆ ಕ್ಯಾರೆಟ್ಟು ಮಾರುತ್ತಾರೆ. ಅದರಿಂದ ನಾಲ್ಕು ತೆಗೆದು ಕಾಯಿತುರಿ ಹಾಕಿ ಪಲ್ಯ ಮಾಡಿದ್ದಕ್ಕೆ, ಜಿಂಕೆಯ ತಿಂಡಿ ನಮಗೇಕೆ ಎಂದು ಒಬ್ಬ ಮೂಗು ಮುರಿದ. ಮೂರು ಸಲ ಬಡಿಸಿಕೊಂಡವನೂ ಅವನೇ.

ನಾಲ್ಕಕ್ಕೆ ಏಳಲಾಗದಿರುವುದಕ್ಕೆ ಕಾರಣ ಇಸ್ಪೀಟು. ಅದನ್ನು ಸ್ವಲ್ಪ ವಿವರವಾಗಿ ಹೇಳದೆ ವಿಧಿಯಿಲ್ಲ.

ಇಲ್ಲಿಯವರು ಆಡುವುದು ಯೂಕರ್. ಒಂಬತ್ತರಿಂದ ಎಕ್ಕದವರೆಗೆ ಇಪ್ಪತ್ತನಾಲ್ಕೇ ಎಲೆ, ನಾಲ್ವರು, ಎದುರುಬದುರು ಕೂತವರು ಜೊತೆಗಾರರು, ಕೈಗೆ ಐದೈದು ಎಲೆ. ಮೊದಲ ರಾತ್ರಿ ನನಗೆ ಕಲಿಸಲು ಕೂತವರು ಬಹಳ ಮರುಕದಿಂದ, "ಇದರಲ್ಲಿ ಒಂದು ವಿಚಿತ್ರವಿದೆ, ರಾಜನಿಗಿಂತ ಗುಲಾಮ ದೊಡ್ಡವನು" ಎಂದರು. ವಿಚಿತ್ರವೇ? ನಮ್ಮ ಕಡೆ ಮದುವೆಯ ಹಿಂದಿನ ರಾತ್ರಿ ಜಮಖಾನ ಹಾಸಿ ಇಪ್ಪತ್ತೆಂಟು ಆಡುವವರ ನಡುವೆ ಬೆಳೆದವನಿಗೆ ಇದನ್ನು ಹೇಳಿಕೊಡಬೇಕೇ? ಅಲ್ಲಿ ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು; ರಾಜ ರಾಣಿಯರಿಗೆ ಸೊನ್ನೆ. ಇಲ್ಲಿ ಒಂದು ಹೆಜ್ಜೆ ಮುಂದೆ: ಕಳಾವರ್ ತುರುಪಾದರೆ ಅದೇ ಬಣ್ಣದ ಇಸ್ಪೀಟಿನ ಗುಲಾಮನೂ ತನ್ನ ಕುಲ ಬಿಟ್ಟು ಕಳಾವರಿಗೆ ಸೇರಿ ಎರಡನೆಯ ಪಟ್ಟ ಏರುತ್ತಾನೆ. ಅಷ್ಟು ಕಲಿತದ್ದೇ ನಾನು ಅವರ ಸಮಕ್ಕೆ ನಿಂತೆ.

ನನ್ನ ಜೊತೆಗಾರರು ಕೊಳಾಯಿ ಕೆಲಸದಿಂದ ನಿವೃತ್ತರಾದ ಹಿರಿಯರು. ಅಪ್ಪರ್ ಪೆನಿನ್ಸುಲಾಗೆ ಹೋಗುವ ಮ್ಯಾಕಿನಾ ಸೇತುವೆ 1957ರಲ್ಲಿ ತೆರೆಯುವ ಮೊದಲು, ನವೆಂಬರಿನಲ್ಲಿ ಜಲಸಂಧಿ ದಾಟಲು ಬೇಟೆಗಾರರ ಕಾರುಗಳು ಹಡಗಿಗಾಗಿ ಮೈಲುಗಟ್ಟಲೆ ಸಾಲು ನಿಲ್ಲುತ್ತಿದ್ದವು. ಅಪ್ಪನ ಜೊತೆ ಆ ಸಾಲಿನಲ್ಲಿ ಕಾದು ಕೂತಾಗಲೇ ಆಟ ಕಲಿತವರು ಇವರು. ಆಡುವಾಗ ಮಾತಿಲ್ಲ. ಆಟ ಮುಗಿದ ಮೇಲೆ ಮಾತ್ರ ಶವಪರೀಕ್ಷೆ ಶುರು: ಎರಡನೆಯ ಕೈಗೆ ಎಕ್ಕ ಇಳಿಸಿದ್ದರೆ, ಮೂರನೆಯದಕ್ಕೆ ತುರುಪು ಹೊಡೆಯದಿದ್ದರೆ! ನನ್ನ ಸೋದರಮಾವನೂ ಹೀಗೆಯೇ. ತಾಳಿ ಕಟ್ಟುವ ಹೊತ್ತಿನಲ್ಲೂ ಮಂಟಪದ ಪಕ್ಕ ನಿಂತು ಹಿಂದಿನ ರಾತ್ರಿಯ ಒಂಬತ್ತನ್ನು ಕುರಿತು ನನ್ನನ್ನು ಬೈಯುತ್ತಿದ್ದ.

ಈ ಸಲದ ಎರಡನೆಯ ರಾತ್ರಿ ಎದುರಾಳಿಗಳದು ಒಂಬತ್ತು ಅಂಕ, ನಮ್ಮದು ಆರು. ಹತ್ತಕ್ಕೆ ಆಟ ಮುಗಿಯುತ್ತದೆ. ಹಿರಿಯರು ಕಳಾವರ್ ಕರೆದು, ಒಬ್ಬನೇ ಆಡುತ್ತೇನೆ ಎಂದರು. ಹಾಗೆಂದಾಗ ಜೊತೆಗಾರ ಎಲೆಗಳನ್ನು ಕವುಚಿಟ್ಟು ಸುಮ್ಮನೆ ಕೂರಬೇಕು. ಐದೂ ಕೈ ಗೆದ್ದರೆ ನಾಲ್ಕು ಅಂಕ. ಅವರ ಬಳಿ ಗುಲಾಮರಿಬ್ಬರೂ ಇದ್ದರೆಂಬುದು ಆ ಮುಖದಲ್ಲೇ ಬರೆದಿತ್ತು. ಕೆಲಸವಿಲ್ಲದ ನಾನು ಕಿಟಕಿಯತ್ತ ತಿರುಗಿದೆ. ಜಗಲಿಯ ದೀಪದ ಕೆಳಗೆ ಗಂಡು ಜಿಂಕೆಯೊಂದು ನಿಂತು, ಹರಿದ ಮೂಟೆಯಿಂದ ನಿಧಾನವಾಗಿ ಕ್ಯಾರೆಟ್ಟು ತಿನ್ನುತ್ತಿದೆ! "ಹೊರಗೆ ನೋಡಿ, ಎಂಟು ಕವಲಿನ ಕೊಂಬಿನದು" ಎಂದೆ.

ಯಾರೂ ತಲೆ ಎತ್ತಲಿಲ್ಲ. ಇಡೀ ದಿನ ಮರಸಿನಲ್ಲಿ ಕೂತು, ಮೂಗು ಮರಗಟ್ಟಿಸಿಕೊಂಡು, ಕಾಗೆಯನ್ನಲ್ಲದೆ ಬೇರೇನನ್ನೂ ಕಾಣದವರು ಇವರು. ಕಾಡಿನ ಮರಗಳಿಗೆಲ್ಲ ಕ್ಯಾಮೆರಾ ಕಟ್ಟಿ, ಅದು ಮೊಬೈಲಿಗೆ ಕಳಿಸುವ ಜಿಂಕೆಯ ಹಿಂಭಾಗದ ಚಿತ್ರಗಳನ್ನು ಊಟದ ನಡುವೆ ನನ್ನ ಮೂಗಿನಡಿಗೆ ಹಿಡಿಯುವವರು. ಆ ಚಿತ್ರಗಳಿಗೆ ಹೆಸರಿಟ್ಟು, ವಯಸ್ಸಿನ ಬಗ್ಗೆ ಜಗಳವಾಡಿ, ನನ್ನ ಸಾರು ಆರಿಸುವವರು. ಸಾಕ್ಷಾತ್ ಜಿಂಕೆ ಮನೆ ಬಾಗಿಲಿಗೆ ಬಂದರೆ ಎದುರಾಳಿಯೊಬ್ಬ ಎಲೆಗಳನ್ನು ಎದೆಗೊತ್ತಿಕೊಂಡು ಕೇಳಿದ್ದೇನು ಗೊತ್ತೇ? "ಎಂಟು ಅಂದರೇನು?"

ಅದು ಸಂಕೇತವಂತೆ. ಎಲೆ ಕವುಚಿದವನು ಜೊತೆಗಾರನಿಗೆ ಸುಳಿವು ಕೊಟ್ಟನಂತೆ. ಈ ಆಟದಲ್ಲಿ ಎಂಟರ ಎಲೆಯೇ ಇಲ್ಲವಲ್ಲ, ಸುಳಿವು ಹೇಗಾದೀತು ಎಂದೆ. ಇಲ್ಲದ ಎಲೆಯ ಹೆಸರು ಹೇಳಿದ್ದೇ ಅನುಮಾನಕ್ಕೆ ಕಾರಣ ಎಂದರು. ಕಿಟಕಿಯತ್ತ ಬೆರಳು ತೋರಿಸಿದೆ. ಬೆರಳು ತೋರಿಸುವುದೂ ನಿಷಿದ್ಧ ಎಂದರು. ನಮ್ಮೂರಲ್ಲಿ ಸೋದರಮಾವ ಆಟದ ನಡುವೆ ಸುಣ್ಣ ಕೇಳಿದರೆ ಆಟೀನು, ಹೊಗೆಸೊಪ್ಪು ಕೇಳಿದರೆ ಇಸ್ಪೀಟು ಎಂಬ ಆರೋಪವಿತ್ತು. ಅದರಲ್ಲಿ ಹುರುಳೂ ಇತ್ತು. ಆದರೆ ನಾನು ಕೇವಲ ಒಂದು ಪ್ರಾಣಿಯನ್ನು ಕಂಡವನು! ಕಾಲು ಗಂಟೆ ವಾದವಾಗಿ, ಆ ಸುತ್ತು ರದ್ದಾಗಿ, ಎಲೆಗಳನ್ನು ಕಲೆಸಿದರು. ಹಿರಿಯರು ಇಬ್ಬರು ಗುಲಾಮರನ್ನೂ ಕಟ್ಟಿಗೆ ಹಿಂದಿರುಗಿಸುವಾಗ ನನ್ನನ್ನು ನೋಡಿದ ನೋಟವನ್ನು ಶತ್ರುವಿಗೂ ಬಯಸಲಾರೆ. ಮುಂದಿನ ಸುತ್ತಿನಲ್ಲಿ ಎದುರಾಳಿಗಳು ಹತ್ತು ಮುಟ್ಟಿದರು. ಜಿಂಕೆ ಕ್ಯಾರೆಟ್ಟು ಮುಗಿಸಿ ಎಂದೋ ಹೋಗಿತ್ತು.

ಕ್ಯಾಬಿನ್ನಿನ ಒಡೆಯನ ಬಳಿ ಹಳೆಯದೊಂದು ದಪ್ಪ ಪುಸ್ತಕವಿದೆ. ಹವೆ ಎಷ್ಟು, ಗಾಳಿ ಯಾವ ಕಡೆಯದು, ಯಾರು ಎಲ್ಲಿ ಕೂತರು, ಏನು ಕಂಡರು ಎಂದು ಅದರಲ್ಲಿ ದಿನವೂ ಬರೆಯುತ್ತಾನೆ. ಮರುದಿನ ತೆರೆದು ನೋಡಿದರೆ, ಆ ದಿನದ ಎದುರು "ಕಂಡ ಜಿಂಕೆ: ಇಲ್ಲ" ಎಂದಿದೆ. ತಿದ್ದಬೇಕೆಂದು ಹೇಳಿದೆ. ಕತ್ತಲಾದ ಮೇಲೆ ಕಂಡದ್ದು ಲೆಕ್ಕಕ್ಕಿಲ್ಲ. ಮೇಲಾಗಿ ಕಂಡವನಿಗೆ ಪರವಾನಗಿಯೂ ಇಲ್ಲ ಎಂದ. ಅವನು ಸೌದೆ ತರಲು ಹೋದಾಗ ಆ ಸಾಲಿನ ಕೆಳಗೆ ಕನ್ನಡದಲ್ಲಿ ಎರಡು ವಾಕ್ಯ ಬರೆದಿಟ್ಟಿದ್ದೇನೆ. ಅಚ್ಚಿಗೆ ಹಾಕುವಂಥವಲ್ಲ.