ರೈತರ ವಾಟ್ಸಾಪ್ ಗುಂಪಿಗೆ ಹೊಸಬರನ್ನು ವಿಚಾರಿಸಿಯೇ ಸೇರಿಸಬೇಕೇ?

ಪರ

ತುಂಗಭದ್ರಾ ಎಡದಂಡೆ ನಾಲೆಯ ನೀರು ಯಾವ ಉಪಕಾಲುವೆಗೆ ಯಾವಾಗ ಬರುತ್ತದೆ, ಭತ್ತದ ದರ ಗಂಗಾವತಿಯಲ್ಲಿ ಎಷ್ಟು, ಸಿಂಧನೂರಿನಲ್ಲಿ ಎಷ್ಟು ಎಂಬುದನ್ನು ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ರೈತರು ಈಗ ವಾಟ್ಸಾಪ್ ಗುಂಪುಗಳಲ್ಲೇ ಕೇಳಿ ತಿಳಿಯುತ್ತಾರೆ. ಇಂಥ ಗುಂಪಿಗೆ 1024 ಜನರವರೆಗೆ ಸೇರಬಹುದು. ಲಿಂಕನ್ನು ಎಲ್ಲೆಡೆ ಹಂಚಿಬಿಟ್ಟರೆ ಒಳಬಂದ ಅಪರಿಚಿತನಿಗೆ ಉಳಿದವರ ಫೋನ್ ನಂಬರುಗಳೆಲ್ಲ ಒಂದೇ ಕಡೆ ಸಿಗುತ್ತವೆ. ಪಿಎಂ ಕಿಸಾನ್ ಹೆಸರಿನ ನಕಲಿ ಎಪಿಕೆ ಫೈಲು (ಫೋನಿಗೆ ಆ್ಯಪ್ ಹಾಕುವ ಫೈಲು) ಕಳಿಸಿ ಖಾತೆಯ ಹಣ ದೋಚುವವರು ಹುಡುಕುವುದು ಇದನ್ನೇ, ಏಕೆಂದರೆ ಗುಂಪಿನಲ್ಲಿ ಬಂದದ್ದನ್ನು ಜನ ನಮ್ಮವರೇ ಕಳಿಸಿದ್ದಾರೆಂದು ನಂಬುತ್ತಾರೆ. ಹಣ ಹೋದ ಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡುವುದಕ್ಕಿಂತ, ಸೇರುವ ಕೋರಿಕೆಗೆ ಅಡ್ಮಿನ್ ಒಪ್ಪಿಗೆ ಬೇಕೆಂಬ ಸೌಲಭ್ಯವನ್ನು ಬಳಸಿ, ಊರು ಯಾವುದು, ಪರಿಚಯ ಯಾರದು ಎಂದು ಮೊದಲೇ ಕೇಳುವುದು ಲೇಸು.

ವಿರೋಧ

ಕೇಳುವುದು ಸುಲಭ, ಆದರೆ ಯಾವ ಉತ್ತರವನ್ನು ಒಪ್ಪಬೇಕು? ರೈತನೆಂಬುದಕ್ಕೆ ಪಹಣಿ ತೋರಿಸಿ ಎಂದರೆ, ಲೀಜಿಗೆ ಹೊಲ ಹಿಡಿದು ಬೀಜ, ಗೊಬ್ಬರಕ್ಕೆ ಸಾಲ ಮಾಡಿರುವವನೂ, ನಾಟಿಯಿಂದ ಕೊಯ್ಲಿನವರೆಗೆ ದುಡಿದರೂ ದಾಖಲೆಯಲ್ಲಿ ಹೆಸರಿಲ್ಲದ ಹೆಣ್ಣುಮಗಳೂ ಹೊರಗೇ ಉಳಿಯುತ್ತಾರೆ. ನೀರಿನ ಸುದ್ದಿ ಎಲ್ಲರಿಗಿಂತ ಮೊದಲು ಮುಟ್ಟಬೇಕಾದದ್ದು ಅವರಿಗೆ. ಮೋಸಗಾರನನ್ನಾದರೂ ಪಹಣಿ ತಡೆಯುತ್ತದೆಯೇ ಎಂದರೆ ಅದೂ ಇಲ್ಲ. ಸರ್ವೆ ನಂಬರು ಗೊತ್ತಿದ್ದ ಯಾರು ಬೇಕಾದರೂ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಅದನ್ನು ನೋಡಬಲ್ಲರು. ಇನ್ನು ಊರಿನ ಪರಿಚಯವನ್ನೇ ನಂಬಿದರೆ, ಅಡ್ಮಿನ್‌ನ ಓಣಿ, ಜಾತಿ, ಪಕ್ಷಗಳು ತಾವಾಗಿಯೇ ಅಳತೆಗೋಲಾಗುವ ಭಯವಿದೆ, ಮತ್ತು ಇದನ್ನು ಬಾಯಿಬಿಟ್ಟು ಹೇಳಲೇಬೇಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ತುಂಬಿದ್ದ ನೀರು ನದಿಗೆ ಹರಿಯತೊಡಗಿದಾಗ, ಬೆಳೆಗೆ ನೀರು ಉಳಿದೀತೇ ಎಂಬ ಚಿಂತೆ ನಾಲೆಯ ಕೊನೆ ಭಾಗದವರೆಗೂ ಇತ್ತು. ಅಂಥ ಹೊತ್ತಿನಲ್ಲಿ ಸೇರಬಯಸಿದವನ ಕೋರಿಕೆ, ಹೊಲದಲ್ಲಿರುವ ಅಡ್ಮಿನ್ ಫೋನ್ ನೋಡುವವರೆಗೆ ಬಿದ್ದಿರುವುದು ನ್ಯಾಯವಲ್ಲ.

ಮೇಲಾಗಿ ಎಪಿಕೆ ಮೋಸ ಹೊಸಬರಿಂದಲೇ ಬರಬೇಕೆಂದಿಲ್ಲ. ಒಬ್ಬ ಹಳೆಯ ಸದಸ್ಯ ಆ ಫೈಲನ್ನು ಹಾಕಿಕೊಂಡರೆ ಸಾಕು, ಅವನ ಖಾತೆಯಿಂದಲೇ ಅದು ಉಳಿದವರಿಗೆ ಹೋಗಬಲ್ಲದು. ಆದ್ದರಿಂದ ನೀರು, ದರಗಳ ಸುದ್ದಿಗೆ ಅಡ್ಮಿನ್‌ಗಳಷ್ಟೇ ಬರೆಯಬಲ್ಲ, ಯಾರು ಬೇಕಾದರೂ ಸೇರಬಲ್ಲ ಒಂದು ಗುಂಪಿರಲಿ. ಬೇರೆ ಬೇರೆ ಊರುಗಳ ನಾಲ್ಕೈದು ಜನ, ಅವರಲ್ಲಿ ಹೆಣ್ಣುಮಕ್ಕಳೂ ಸೇರಿ, ಅಡ್ಮಿನ್ ಆಗಿರಲಿ. ವಿಚಾರಣೆಯನ್ನು ಚರ್ಚೆಯ ಗುಂಪಿಗಷ್ಟೇ ಇಟ್ಟುಕೊಳ್ಳಬಹುದು, ಅಲ್ಲಿಯೂ ಪಹಣಿ ಕೇಳಬಾರದು.